ಮುರ್ನಿಯ ಅಪ್ಪನ ಹೆಗಲು

ಬಾಪಾಕ್ ಸುದಿಬ್ಯೊ ವರ್ಷದಿಂದ ವರ್ಷಕ್ಕೆ ಎಷ್ಟು ಕೊಬ್ಬಿದ ಎಂಬುದು ಸರಕಾರಕ್ಕೆ ಗೊತ್ತಿರಲಿಲ್ಲ, ಸುರಬಾಯಾದಲ್ಲಿದ್ದ ಅವನ ಹೆಂಡತಿಗೂ ಗೊತ್ತಿರಲಿಲ್ಲ. ಪಾಕ್ ಮುರ್ನಿಯ ಹೆಗಲಿಗೆ ಗೊತ್ತಿತ್ತು. ದ್ವೀಪಕ್ಕೆ ಬಂದ ವರ್ಷ ಆ ಮನುಷ್ಯ ಒಂದು ಮೂಟೆ ಕೊಬ್ಬರಿಯಷ್ಟಿದ್ದ. ಎಂಟು ವರ್ಷದಲ್ಲಿ ಒಂದೂವರೆ ಮೂಟೆಯಾದ. ದ್ವೀಪದ ಅಧಿಕಾರಿ ಎಂದು ಅವನನ್ನು ಕಳಿಸಿದ್ದರು. ಬೇರೆ ಏನೂ ಬೆಳೆಯದಿದ್ದರೂ ಸೆಲಾಸಿ ದ್ವೀಪದಲ್ಲಿ ಅವನ ಹೊಟ್ಟೆ ಚೆನ್ನಾಗಿ ಬೆಳೆಯಿತು.

ಹಡಗಿನಿಂದ ಬರುವ ಲಾಂಚು ದಂಡೆಯವರೆಗೆ ಬರುವುದಿಲ್ಲ. ಹವಳದ ಕಲ್ಲಿಗೆ ಹೆದರಿ ಇನ್ನೂರು ಹೆಜ್ಜೆ ಆಚೆಗೇ ನಿಲ್ಲುತ್ತದೆ. ಇಳಿತದ ಹೊತ್ತಿನಲ್ಲಿ ಅಲ್ಲಿ ಮೊಣಕಾಲುದ್ದ ನೀರು. ದ್ವೀಪದವರು ಲುಂಗಿ ಎತ್ತಿ ಕಟ್ಟಿ ನಡೆದು ಬರುತ್ತಾರೆ. ಬಸುರಿಯರೂ ನಡೆದು ಬರುತ್ತಾರೆ. ಸುದಿಬ್ಯೊ ನಡೆಯುವುದಿಲ್ಲ. ಅವನ ಕಾಲಿಗೆ ಬೂಟಿದೆ.

ಹಾಗಾಗಿ ಪಾಕ್ ಮುರ್ನಿ ಲಾಂಚಿನ ಪಕ್ಕ ನೀರಿನಲ್ಲಿ ಬೆನ್ನು ಬಾಗಿಸಿ ನಿಲ್ಲಬೇಕು. ಸುದಿಬ್ಯೊ ಹೆಗಲ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾನೆ. ತಲೆಗೂದಲು ಹಿಡಿದುಕೊಳ್ಳುತ್ತಾನೆ. ಬೂಟಿನ ಹಿಮ್ಮಡಿ ಎದೆಗೆ ಬಡಿಯುತ್ತಿರುತ್ತದೆ. ಮಧ್ಯದಲ್ಲಿ ಒಂದು ಹಳ್ಳವಿದೆ, ಮೇಲಿನಿಂದ ಕಾಣುವುದಿಲ್ಲ. ಹೊರುವವರ ಪಾದಕ್ಕೆ ಮಾತ್ರ ಗೊತ್ತು. ಅದನ್ನು ಬಳಸಿ ಎಡಕ್ಕೆ ಸರಿದು ಬರುವಾಗ ಸುದಿಬ್ಯೊ ಪ್ರತಿ ಸಲವೂ ಒಂದೇ ಮಾತು ಹೇಳುತ್ತಾನೆ.

"ಏನಯ್ಯ, ಸೀದಾ ನಡೆಯೋಕೆ ಬರಲ್ವಾ ನಿಂಗೆ?"

"ಬರುತ್ತೆ ಬಾಪಾಕ್," ಎಂದು ಪಾಕ್ ಮುರ್ನಿ ಎಂಟು ವರ್ಷದಿಂದ ಹೇಳಿಕೊಂಡು ಬಂದಿದ್ದ.

ಹೆಗಲ ಮೇಲೆ ಕೂರುವುದು ಬಿಳಿಯರ ಕಾಲದ ಚಾಳಿ. ತೆಂಗಿನ ತೋಟವೆಲ್ಲ ಒಬ್ಬ ಬಿಳಿಯ ದೊರೆಯದಾಗಿದ್ದಾಗ ಅವನ ಅತಿಥಿಗಳನ್ನು ಹೀಗೆಯೇ ಹೊರುತ್ತಿದ್ದರು. ಇಂಗ್ಲಿಷರು ಹೊರಡುವಾಗ ಕೋಕೋಸ್, ಕ್ರಿಸ್‌ಮಸ್, ಸೆಲಾಸಿ ಎಲ್ಲವನ್ನೂ ಆಸ್ಟ್ರೇಲಿಯಾದ ಕೈಗಿಡುವುದೆಂದು ಕಾಗದವೆಲ್ಲ ಬರೆದು ಮುಗಿಸಿದ್ದರು. ಕೊನೆಯ ಗಳಿಗೆಯಲ್ಲಿ ಎಲ್ಲಿ ಏನು ನಡೆಯಿತೋ, ಐವತ್ತೈದನೆಯ ಇಸವಿಯಲ್ಲಿ ಮೂರೂ ಜಕಾರ್ತಾದ ಪಾಲಾದವು. ದ್ವೀಪದವರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವರು ಜಕಾರ್ತಾ ಎಂದೇ ಹೇಳುತ್ತಿದ್ದರು. ಅಜ್ಜ ಮುತ್ತಜ್ಜಂದಿರು ಜಾವಾದಿಂದ ಬಂದವರು. ಅದೇ ಮಾತು, ಅದೇ ನಮಾಜು, ಅದೇ ಮೀನು ಅನ್ನ. ನಮ್ಮವರು ಬಂದರು ಎಂದು ಮೂರು ದಿನ ಡೋಲು ಬಾರಿಸಿದರು.

ಮೊದಲು ಬಂದ ಅಧಿಕಾರಿ ಒಬ್ಬ ಬಡಕಲು ಹುಡುಗ. ಹೆಗಲು ಕೊಡಲು ಹೋದರೆ ಬೇಡವೆಂದು ಲಾಂಚಿನಿಂದ ತಾನೇ ಧುಮುಕಿದ. ಷರಾಯಿ ತೊಡೆಯವರೆಗೆ ನೆನೆದಿತ್ತು. ದಂಡೆಯ ಮೇಲೆ ನಿಂತು, ಇವತ್ತಿನಿಂದ ಈ ದ್ವೀಪದಲ್ಲಿ ಯಾರೂ ಯಾರ ಹೆಗಲ ಮೇಲೂ ಕೂರುವುದಿಲ್ಲ ಎಂದ. ಪಾಕ್ ಮುರ್ನಿ ಅವತ್ತು ಎಲ್ಲರೆದುರು ಅತ್ತ. ಹುಡುಗನನ್ನು ಎರಡು ವರ್ಷ ತುಂಬುವುದರೊಳಗೆ ವಾಪಸು ಕರೆಸಿಕೊಂಡರು. ಆಮೇಲೆ ಬಂದವನು ಸುದಿಬ್ಯೊ.

ಸುದಿಬ್ಯೊ ದೊರೆಯ ಬಂಗಲೆಗೇ ಹೋಗಿ ಇಳಿದ. ದೊರೆಯ ಕುರ್ಚಿ, ದೊರೆಯ ಮಂಚ, ದೊರೆಯ ಹಾಜರಿ ಪುಸ್ತಕ ಎಲ್ಲವೂ ಅವನಿಗೆ ಹಿಡಿಸಿದವು. ಗೋಡೆಯ ಮೇಲಿದ್ದ ರಾಣಿಯ ಪಟ ಒಂದನ್ನು ಮಾತ್ರ ಇಳಿಸಿದ. ದಿನಕ್ಕೆ ಐನೂರು ಕಾಯಿ ಸುಲಿಯಬೇಕೆಂಬ ದೊರೆಯ ಕಾನೂನನ್ನು ಹಾಗೇ ಬಿಟ್ಟ. ಅದರ ಮೇಲೆ ವಾರಕ್ಕೆರಡು ದಿನ ಕೂಲಿಯಿಲ್ಲದ ದುಡಿಮೆ ಹಾಕಿದ. ಅದು ದುಡಿಮೆಯಲ್ಲ, ಗೊತೊಂಗ್ ರೊಯೊಂಗ್ ಎಂದ. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಹೆಗಲು ಕೊಡುವುದು ಎಂದು ಬಿಡಿಸಿ ಹೇಳಿದ. ಭಾಷಣ ಬಹಳ ಚೆನ್ನಾಗಿತ್ತು. ಇಂಥವರ ಭಾಷಣ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಮಾರನೆಯ ವಾರವೇ ಅವನಿಗೆ ಹೆಗಲು ಬೇಕಾಯಿತು.

ನೆಲದಲ್ಲಿ ನೆಟ್ಟ ಕಬ್ಬಿಣದ ಸಲಾಕೆಗೆ ಕಾಯಿ ಚುಚ್ಚಿ, ಮೈಭಾರ ಬಿಟ್ಟು ತಿರುಚಿ, ಮಟ್ಟೆ ಕೀಳಬೇಕು. ಐನೂರು ಸಲ. ಮೂವತ್ತು ವರ್ಷ ಕಿತ್ತ ಕೈ ಪಾಕ್ ಮುರ್ನಿಯದು. ಬಲಗೈ ಹೆಬ್ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಅವನ ಹೆಂಡತಿ ಮಾಕ್ ಮುರ್ನಿ ಪಕ್ಕದ ಅಂಗಳದಲ್ಲಿ ಹೆಂಗಸರ ಜೊತೆ ಕೂತು ಕಾಯಿ ಒಡೆದು ಚಾಕುವಿನಿಂದ ಕೊಬ್ಬರಿ ಎಬ್ಬುತ್ತಿದ್ದಳು. ಅವಳ ಎಡ ಅಂಗೈಯಲ್ಲಿ ಚಾಕು ಜಾರಿದ ಗಾಯಗಳು ಒಂದರ ಮೇಲೊಂದು ಬಿದ್ದು ಗೆರೆಗಳೇ ಅಳಿಸಿಹೋಗಿದ್ದವು.

ಪಾಕ್ ಎಂದರೆ ಅಪ್ಪ, ಮಾಕ್ ಎಂದರೆ ಅಮ್ಮ. ಸೆಲಾಸಿಯಲ್ಲಿ ಚೊಚ್ಚಲ ಮಗು ಹುಟ್ಟಿದ ಏಳನೆಯ ದಿನ ಮಗುವಿಗೆ ಹೆಸರಿಡುತ್ತಾರೆ. ಅದೇ ಹೊತ್ತಿಗೆ ಹೆತ್ತವರ ಹೆಸರು ಹೋಗುತ್ತದೆ. ಸೂಲಗಿತ್ತಿ ಒಂದು ಚಿಪ್ಪಿನಲ್ಲಿ ನೀರು ಹಿಡಿದು, ಅದರಲ್ಲಿ ಅವರ ಹಳೆಯ ಹೆಸರನ್ನು ಕೊನೆಯ ಸಲ ಹೇಳಿ, ನೀರನ್ನು ಕಡಲಿಗೆ ಎರಚುತ್ತಾಳೆ. ಅಲ್ಲಿಂದ ಮುಂದೆ, ಮೊಮ್ಮಗುವಿನ ಹೆಸರು ಬಾರದಿದ್ದರೆ ಸಾಯುವವರೆಗೆ, ಅವರು ಆ ಮಗುವಿನ ಅಪ್ಪ, ಆ ಮಗುವಿನ ಅಮ್ಮ. ಹಳೆಯ ಹೆಸರಿನಿಂದ ಕರೆದರೆ ತಿರುಗಿ ನೋಡುವುದಿಲ್ಲ. ಕರೆಯುವಷ್ಟು ಹೇಸಿಗೆಯ ಬಾಯಿ ದ್ವೀಪದಲ್ಲಿ ಯಾರಿಗೂ ಇರಲಿಲ್ಲ.

ಮುರ್ನಿ ಮೂರು ವರ್ಷ ಬದುಕಿದಳು. ಅವಳ ಗಂಟಲು ಊದಿಕೊಂಡ ದಿನ ದೊರೆಯ ಮನೆಯಲ್ಲಿ ಔತಣವಿತ್ತು. ಪಾಕ್ ಮುರ್ನಿ ಬೆಳಿಗ್ಗೆಯಿಂದ ಅತಿಥಿಗಳನ್ನು ಹೊರುತ್ತಿದ್ದ. ಮಗೂಗೆ ಉಸಿರಾಡೋಕಾಗ್ತಿಲ್ಲ ಎಂದು ಮನೆಯಿಂದ ಹೇಳಿಕಳಿಸಿದರು. ಇನ್ನಿಬ್ಬರನ್ನ ದಾಟಿಸಿ ಹೋಗು ಎಂದರು ದೊರೆಯ ಕಡೆಯವರು. ದಾಟಿಸಿದ. ಹೋಗುವಷ್ಟರಲ್ಲಿ ಮುಗಿದಿತ್ತು. ಅವತ್ತು ಅವನ ಹೆಗಲ ಮೇಲೆ ಬಂದವರಲ್ಲಿ ಒಬ್ಬ ಡಾಕ್ಟರನಿದ್ದ. ಅದು ತಿಂಗಳಾದ ಮೇಲೆ ಗೊತ್ತಾಯಿತು.

ಮತ್ತೆ ಮಕ್ಕಳಾಗಲಿಲ್ಲ. ಮಗುವಿನ ಬಟ್ಟೆಬರೆ ಯಾವುದೂ ಉಳಿಯಲಿಲ್ಲ, ಫೋಟೋ ಎಂಬುದನ್ನು ಅವರು ಕಂಡೇ ಇರಲಿಲ್ಲ. ಆದರೆ ಗಂಡ ಹೆಂಡತಿಯನ್ನು ಕರೆದಾಗ, ಹೆಂಡತಿ ಗಂಡನನ್ನು ಕರೆದಾಗ, ದಾರಿಯಲ್ಲಿ ಯಾರಾದರೂ ಮಾತಾಡಿಸಿದಾಗ ಆ ಹೆಸರು ಕೇಳುತ್ತಿತ್ತು. ಇಪ್ಪತ್ತೆರಡು ವರ್ಷ ಹಾಗೇ ಕೇಳಿಸಿಕೊಂಡು ಬಂದಿದ್ದರು.

ದ್ವೀಪ ಜಕಾರ್ತಾಕ್ಕೆ ಸೇರಿದ ಹತ್ತನೆಯ ವರ್ಷದ ಹಬ್ಬ ಹತ್ತಿರ ಬಂತು. ಸುದಿಬ್ಯೊ ಮನೆಗೊಬ್ಬೊಬ್ಬರನ್ನೇ ಬಂಗಲೆಗೆ ಕರೆಸಿ ಹೊಸ ಪಟ್ಟಿ ಬರೆಯತೊಡಗಿದ. ಪಾಕ್ ಮುರ್ನಿಯ ಸರದಿ ಬಂದಾಗ ಅವನು ಹಲ್ಲು ಕೆದಕುತ್ತ ಕೂತಿದ್ದ.

"ಹೆಸರು?"

"ಪಾಕ್ ಮುರ್ನಿ."

"ನಿನ್ನ ಹೆಸರು ಕೇಳಿದ್ದು ಕಣಯ್ಯ. ಯಾರಪ್ಪ ಅಂತ ಕೇಳಲಿಲ್ಲ."

"ಅದೇ ನನ್ನ ಹೆಸರು ಬಾಪಾಕ್."

ಸುದಿಬ್ಯೊ ದೊರೆಯ ಹಾಜರಿ ಪುಸ್ತಕ ಎಳೆದುಕೊಂಡ. ದೊರೆ ಕೂಲಿಗೆ ಸೇರಿದ ಹುಡುಗರ ಹೆಸರು ಒಂದು ಸಲ ಬರೆದುಕೊಂಡರೆ ಆಮೇಲೆ ತಿದ್ದುತ್ತಿರಲಿಲ್ಲ. ಬೆರಳು ಹಾಳೆಯ ಕೆಳಗಿಳಿದು ನಿಂತಿತು.

"ಲೆಗಿ. ಇಲ್ಲಿದೆಯಲ್ಲ. ಲೆಗಿ ಅಂತ ಹೆಸರಿಟ್ಕೊಂಡು ನಾಟಕ ಆಡ್ತೀಯಾ? ಸರಿ. ಮಕ್ಕಳು?"

"ಒಬ್ಬಳು. ಮುರ್ನಿ."

"ಎಲ್ಲಿದ್ದಾಳೆ? ಕರಿ."

"ಆಚೆ ದಿಣ್ಣೇಲಿದ್ದಾಳೆ ಬಾಪಾಕ್."

ಆಚೆ ದಿಣ್ಣೆ ಎಂದರೆ ಒಳಗಡಲಿನ ಆ ಬದಿಗಿದ್ದ ಗೋರಿಗಳ ದಿಣ್ಣೆ. ಸುದಿಬ್ಯೊಗೆ ಅಷ್ಟು ಗೊತ್ತಿತ್ತು.

"ಸತ್ತು ಎಷ್ಟು ವರ್ಷ ಆಯ್ತು?"

"ಇಪ್ಪತ್ತೆರಡು."

ಸುದಿಬ್ಯೊ ಹಲ್ಲಿನ ಕಡ್ಡಿ ಕಚ್ಚಿಕೊಂಡೇ ನಕ್ಕ. "ಇಪ್ಪತ್ತೆರಡು ವರ್ಷದಿಂದ ಅಪ್ಪ ಅಪ್ಪ ಅನ್ನಿಸ್ಕೊಂಡು ತಿರುಗ್ತಿದ್ದೀಯಲ್ಲೋ. ನಾಚ್ಕೆ ಆಗಲ್ವಾ?"

ಪಾಕ್ ಮುರ್ನಿ ನೆಲ ನೋಡಿದ. ನೆಲಕ್ಕೆ ಹಾಸಿದ ಹಲಗೆಗಳನ್ನು ಹೊತ್ತು ತಂದವನೂ ಅವನೇ. ಸುದಿಬ್ಯೊ ಬರೆದುಕೊಳ್ಳುತ್ತ ಗಟ್ಟಿಯಾಗಿ ಓದಿದ. ಲೆಗಿ, ಮದುವೆಯಾಗಿದೆ, ಮಕ್ಕಳಿಲ್ಲ. ಆಮೇಲೆ ಆ ಹಾಳೆಯನ್ನು ಬೇರೆ ಕಟ್ಟಿಗೆ ಸೇರಿಸಿದ.

"ಗೊಬ್ಬರದ ದ್ವೀಪದಲ್ಲಿ ಗಣಿಗೆ ಜನ ಬೇಕಂತೆ. ಮಕ್ಕಳುಮರಿ ಇರೋರನ್ನ ಕಳಿಸೋಕಾಗಲ್ಲ. ನಿಮ್ಮಂಥೋರು ಹನ್ನೊಂದು ಜೋಡಿ ಸಿಕ್ಕಿದೆ. ಹಬ್ಬದ ದಿನ ಜಕಾರ್ತಾದಿಂದ ದೊಡ್ಡೋರು ಬರ್ತಾರೆ. ಅವರೆದುರಿಗೆ ಹೆಸರು ಕೂಗ್ತೀನಿ. ಹಾಜರ್ ಅಂತ ಹೇಳಿ ಹೆಬ್ಬೆಟ್ಟು ಒತ್ತೋದು, ಅವರ ಹಡಗಲ್ಲೇ ಹತ್ತೋದು."

"ಯಾವಾಗ ವಾಪಸ್ ಬರೋದು ಬಾಪಾಕ್?"

"ಬಂದೇನ್ ಮಾಡ್ತೀಯಾ? ಇಲ್ಲಿ ನಿಂದೇನಿದೆ?"

ಗೊಬ್ಬರದ ದ್ವೀಪ ಎಂದರೆ ಕ್ರಿಸ್‌ಮಸ್, ಅಲ್ಲಿ ಗೊಬ್ಬರಕ್ಕೆಂದು ಕಲ್ಲು ಅಗೆಯುತ್ತಾರೆ. ಅಲ್ಲಿಗೆ ಹೋದವರನ್ನು ಸೆಲಾಸಿಯವರು ನೋಡಿದ್ದರು. ಇಬ್ಬರು ಮರಳಿ ಬಂದಿದ್ದರು. ಹುಬ್ಬು ರೆಪ್ಪೆಯೆಲ್ಲ ಬೂದಿಬಣ್ಣ, ಕೆಮ್ಮಿದರೆ ಬಾಯಲ್ಲಿ ಕಲ್ಲಿನ ಪುಡಿ. ಇಬ್ಬರೂ ಈಗ ಆಚೆ ದಿಣ್ಣೆಯಲ್ಲಿದ್ದಾರೆ.

ಮನೆಗೆ ಬಂದು ಹೇಳಿದಾಗ ಮಾಕ್ ಮುರ್ನಿ ಒಲೆಯ ಮುಂದಿದ್ದಳು. ಮೀನು ಮಗುಚುವುದನ್ನು ನಿಲ್ಲಿಸಲಿಲ್ಲ.

"ಮಕ್ಕಳಿಲ್ಲ ಅಂತ ಬರೆದನಾ?"

"ಬರೆದ."

"ನೀವು ನೋಡ್ತಾ ನಿಂತಿದ್ರಾ?"

"ಏನು ಮಾಡ್ಲಿ ಮತ್ತೆ? ಕೈ ಹಿಡಿಯೋಕಾಗುತ್ತಾ?"

"ಅಲ್ಲ ಪಾಕ್ ಮುರ್ನಿ, ಅವನನ್ನ ಇಡೀ ದ್ವೀಪ ಬಾಪಾಕ್ ಬಾಪಾಕ್ ಅನ್ಬೇಕು. ಬಾಪಾಕ್ ಅಂದ್ರೂ ಅಪ್ಪನೇ ತಾನೇ? ಅವನೇನು ನಮ್ಮನ್ನ ಹುಟ್ಟಿಸಿದ್ನಾ? ಒಂದಿನ ಎತ್ತಿ ಆಡಿಸಿದ್ನಾ? ನಾವೇ ಎತ್ಕೊಂಡು ತಿರುಗ್ತಿದ್ದೀವಿ ಅವನನ್ನ. ಮಗು ಹೆತ್ತು ಮಣ್ಣು ಮಾಡಿದೋರು ಅಪ್ಪ ಅನ್ನಿಸ್ಕೋಬಾರ್ದು. ಆ ಹೊಟ್ಟೆಬಾಕ ಪುಕ್ಕಟೆ ಅಪ್ಪ."

ಅವಳು ಮೀನಿನ ಬಾಣಲೆ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆಯಿಂದಲ್ಲ, ಅತ್ತಿದ್ದಳು. ದಿಣ್ಣೆಗೆ ಪ್ರತಿ ಶುಕ್ರವಾರ ನೀರು ಹಾಕೋರು ಯಾರು ಎಂದಷ್ಟೇ ಆಮೇಲೆ ಕೇಳಿದಳು.

ಮಾತು ಕೊಬ್ಬರಿಯ ಅಂಗಳಕ್ಕೆ ಹೋಯಿತು. ಸೂಲಗಿತ್ತಿ ನೆಕ್ ಸಾರೆ ಅಲ್ಲಿ ಕೂತಿದ್ದಳು. ಸಾರೆ ಎಂಬ ಹುಡುಗಿಯ ಅಜ್ಜಿ, ದ್ವೀಪದ ಅರ್ಧ ಜನರ ಹೊಕ್ಕಳುಬಳ್ಳಿ ಕತ್ತರಿಸಿದವಳು. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ, ನಾಲಿಗೆ ಮಾತ್ರ ಚೆನ್ನಾಗಿತ್ತು.

"ಲೆಗೀನ ಕೂಗ್ತಾನಂತಾ? ಕೂಗ್ಲಿ. ಲೆಗಿ ಇದ್ರೆ ತಾನೇ ಓ ಅನ್ನೋದು? ಈ ಕೈಯಲ್ಲೇ ಕಡಲಿಗೆ ಹಾಕಿದ್ದೀನಿ ಅವನನ್ನ. ಬೇಕಿದ್ರೆ ಮುಳುಗಿ ಹುಡುಕ್ಕೊಳ್ಳಲಿ ಆ ಮುಂಡೇದು."

ಹೆಂಗಸರು ನಕ್ಕರು. ಮಂಡೋರ್ ನಗಲಿಲ್ಲ. ಕೂಲಿಗಳ ಮೇಲ್ವಿಚಾರಣೆ ನೋಡುವ ಮಂಡೋರ್ ಪಾಕ್ ದಾಲಿ ದ್ವೀಪದವನೇ. ಸುದಿಬ್ಯೊ ಉಗುಳುವ ಮೊದಲೇ ಪೀಕದಾನಿ ಹಿಡಿದು ನಿಲ್ಲುವವನು. ಚೊಚ್ಚಲ ಮಗ ದಾಲಿ ಹುಟ್ಟಿದ ತಿಂಗಳಿಗೇ ತೀರಿಕೊಂಡಿದ್ದ. ಆಮೇಲೆ ನಾಲ್ಕು ಮಕ್ಕಳಾಗಿ ನಾಲ್ಕೂ ಗಟ್ಟಿಮುಟ್ಟಾಗಿದ್ದವು. ಆದರೂ ಅವನು ಪಾಕ್ ದಾಲಿಯೇ.

"ಹುಚ್ಚುಚ್ಚಾಗಿ ಮಾತಾಡ್ಬೇಡಿ ಅಜ್ಜಿ," ಎಂದ ಪಾಕ್ ದಾಲಿ. "ಹಾಜರ್ ಅನ್ನದಿದ್ರೆ ಗೈರುಹಾಜರು ಅಂತ ಬರೀತಾರೆ. ಗೈರುಹಾಜರಾದೋರಿಗೆ ಅಕ್ಕಿ ಇಲ್ಲ. ಈ ದ್ವೀಪದಲ್ಲಿ ಭತ್ತ ಬೆಳೀತೀರಾ ನೀವು? ಬರೀ ಕೊಬ್ಬರಿ ತಿಂದ್ಕೊಂಡು ಇರ್ತೀರಾ?"

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಪಾಕ್ ಮುರ್ನಿಗೆ ಭಯವಾಯಿತು. ಸುದಿಬ್ಯೊ ಹಡಗಿನಿಂದ ಸಕ್ಕರೆ ತರಲು ಹೋದ ದಿನ, ಅವನನ್ನು ಹೊತ್ತು ಬರುತ್ತ, ಕೆಳಗಿನಿಂದಲೇ ಬೇಡಿಕೊಂಡ.

"ಬಾಪಾಕ್, ಪಟ್ಟಿಯಿಂದ ತೆಗೆದುಬಿಡಿ ನಮ್ಮನ್ನ. ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲು ನಿನ್ನ ಎದೆ ಮೇಲೇ ಇದೆಯಲ್ಲೋ," ಎಂದು ಸುದಿಬ್ಯೊ ನಕ್ಕ. ತನ್ನ ಮಾತು ತನಗೇ ಹಿಡಿಸಿ ಇನ್ನೊಂದು ಸಲ ನಕ್ಕ. "ಒಂದು ಕೆಲಸ ಮಾಡು. ಹಬ್ಬದ ದಿನ ದೊಡ್ಡೋರನ್ನ ಹುಷಾರಾಗಿ ಇಳಿಸು. ಬೂಟಿಗೆ ಒಂದು ಹನಿ ತಾಗಬಾರ್ದು. ಆಮೇಲೆ ನೋಡೋಣ."

ಆಮೇಲೆ ನೋಡೋಣ ಎಂಬ ಮಾತನ್ನು ನಂಬಿ ಪಾಕ್ ಮುರ್ನಿ ಎರಡು ದಿನ ಒಳಗಡಲಿಗಿಳಿದು ದಾರಿಯಲ್ಲಿದ್ದ ಚೂಪು ಹವಳವನ್ನೆಲ್ಲ ಆರಿಸಿ ಹಾಕಿದ. ಮೈಯಲ್ಲೆಲ್ಲ ಮುಳ್ಳಿರುವ ಕಡಲಹುಳಗಳನ್ನು ಕಡ್ಡಿಯಿಂದ ದೂರ ತಳ್ಳಿದ. ಹೆಗಲಿಗೆ ಮೆತ್ತಗಾಗಲೆಂದು ಹಳೆಯ ಲುಂಗಿ ಮಡಚಿಟ್ಟುಕೊಂಡ. ಮಾಕ್ ಮುರ್ನಿ ಅದನ್ನು ನೋಡಿ ಮುಖ ತಿರುಗಿಸಿ ಒಳಗೆ ಹೋದಳು.

ಹಬ್ಬದ ಬೆಳಿಗ್ಗೆ ಇಳಿತವಿತ್ತು. ಜಕಾರ್ತಾದ ಅತಿಥಿ ಬಿಳಿ ಬೂಟು ಹಾಕಿದ್ದ. ಎತ್ತರದ ಆಳು, ಒಳ್ಳೆಯ ಅತ್ತರು ಬಳಿದುಕೊಂಡಿದ್ದ. ಪಾಕ್ ಮುರ್ನಿ ಉಸಿರು ಬಿಗಿಹಿಡಿದು ಹೊತ್ತ. ಹಳ್ಳ ಬಳಸಿದ. ಮರಳಿನ ಮೇಲೆ ಮಂಡಿಯೂರಿ ಇಳಿಸಿದ. ಒಂದು ಹನಿ ತಾಗಿರಲಿಲ್ಲ. ಅತಿಥಿ ಅವನ ತಲೆಯ ಮೇಲೆ ಎರಡು ಸಲ ತಟ್ಟಿ, ಒಳ್ಳೇ ಪ್ರಾಣಿ ಎಂದ. ಪಾಕ್ ಮುರ್ನಿ ಸುದಿಬ್ಯೊನ ಮುಖ ನೋಡಿದ. ಸುದಿಬ್ಯೊ ಅತಿಥಿಯ ಮುಖ ನೋಡುತ್ತಿದ್ದ.

ಮುನ್ನೂರ ಹನ್ನೆರಡು ಜನ ಬಂಗಲೆಯ ಮುಂದೆ ಬಿಸಿಲಿನಲ್ಲಿ ನಿಂತಿದ್ದರು. ಅತಿಥಿಗೆ, ಸುದಿಬ್ಯೊಗೆ ಮಾತ್ರ ನೆರಳಿತ್ತು. ಅತಿಥಿ ಮಾತಾಡಿದ. ಬಿಳಿಯರು ನಿಮ್ಮನ್ನು ಪಶುಗಳಂತೆ ಕಂಡರು, ನಿಮ್ಮ ಗುರುತನ್ನೇ ಅಳಿಸಿದರು, ನಿಮ್ಮ ಹೆಗಲ ಮೇಲೆ ಸವಾರಿ ಮಾಡಿದರು, ಆ ಕಾಲ ಮುಗಿದು ಹತ್ತು ವರ್ಷವಾಯಿತು ಎಂದ. ಜನ ಅವನ ಬೂಟು ನೋಡಿದರು. ಅವನಿಗೆ ಏನೂ ಅನ್ನಿಸಲಿಲ್ಲ. ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡು ಕೂತ.

ಸುದಿಬ್ಯೊ ಬಿಳಿಯ ದೊರೆಯ ಪುಸ್ತಕ ಬಿಚ್ಚಿದ. ಅದರ ಮೇಲೆ ಹನ್ನೊಂದು ಜೋಡಿಯ ಪಟ್ಟಿ ಇಟ್ಟುಕೊಂಡಿದ್ದ.

"ಲೆಗಿ."

ಪಾಕ್ ಮುರ್ನಿಯ ಬಾಯಿ ತೆರೆಯಿತು. ಮೂವತ್ತು ವರ್ಷದ ಅಭ್ಯಾಸ ಅದು, ಬಂಗಲೆಯ ಕಡೆಯಿಂದ ದನಿ ಬಂದರೆ ಬಾಯಿ ತಾನಾಗಿ ತೆರೆಯುತ್ತಿತ್ತು. ಎದೆಯ ಮೇಲೆ ಬೂಟಿನ ಹಿಮ್ಮಡಿ ಬಡಿದ ಜಾಗ ಇನ್ನೂ ನೋಯುತ್ತಿತ್ತು. ಓ ಎಂದರೆ ಅವನು ಲೆಗಿ. ಮಗುವಿಲ್ಲದ ಲೆಗಿ. ಇಪ್ಪತ್ತೆರಡು ವರ್ಷದ ಹಿಂದೆ ಇನ್ನಿಬ್ಬರನ್ನು ದಾಟಿಸು ಎಂದಾಗಲೂ ಓ ಎಂದಿದ್ದ. ಬಾಯಿ ಮುಚ್ಚಿಕೊಂಡ.

"ಲೆಗಿ. ಕಿವಿ ಕೇಳಲ್ವೇನೋ?"

ಸುದಿಬ್ಯೊ ಪೀಕದಾನಿ ಹಿಡಿದು ನಿಂತವನ ಕಡೆ ತಿರುಗಿದ.

"ಮಂಡೋರ್, ಅವನ ರಟ್ಟೆ ಹಿಡಿದು ಎಳ್ಕೊಂಡು ಬಾ. ಇವನೇ ಲೆಗಿ ಅಂತ ದೊಡ್ಡೋರಿಗೆ ತೋರಿಸು."

ಪಾಕ್ ದಾಲಿ ಎರಡು ಹೆಜ್ಜೆ ಬಂದ. ಪಾಕ್ ಮುರ್ನಿಯ ಎದುರು ನಿಂತ. ಅವನ ಕೈ ಎದ್ದು ಹಾಗೇ ಕೆಳಗಿಳಿಯಿತು. ಮುಖದಲ್ಲಿ ಬೆವರು ಕಿತ್ತುಕೊಂಡಿತ್ತು.

"ಲೆಗಿ ಅನ್ನೋರು ಯಾರೂ ಇಲ್ಲ ಬಾಪಾಕ್."

"ಏನಂದೆ?"

"ಇವರು ಪಾಕ್ ಮುರ್ನಿ. ಲೆಗಿ ಅನ್ನೋನು ಇಲ್ಲ."

"ಓಹೋ. ಹಾಗಾದ್ರೆ ನೀನ್ಯಾರು? ಪುಸ್ತಕದಲ್ಲಿ ವಾಗಿಮನ್ ಅಂತಿದೆ. ವಾಗಿಮನ್ ತಾನೇ ನೀನು?"

ಪಾಕ್ ದಾಲಿ ಒಮ್ಮೆ ತನ್ನ ಹೆಂಡತಿಯ ಕಡೆ ನೋಡಿದ. ಮಾಕ್ ದಾಲಿ ಅವನನ್ನೇ ನೋಡುತ್ತಿದ್ದಳು.

"ಅವನೂ ಇಲ್ಲ ಬಾಪಾಕ್," ಎಂದ ಪಾಕ್ ದಾಲಿ. ಪೀಕದಾನಿಯನ್ನು ಮೆಟ್ಟಿಲ ಮೇಲಿಟ್ಟು ಬಂದು ಪಾಕ್ ಮುರ್ನಿಯ ಪಕ್ಕದಲ್ಲಿ ನಿಂತ.

ಒಂದಿಷ್ಟು ಜೋಡಿಗಳನ್ನು ಗಣಿಗೆ ಕಳಿಸುವಾಗ ಉಳಿದವರು ತಮ್ಮ ಮಕ್ಕಳನ್ನು ಅಪ್ಪಿಕೊಂಡು ಸುಮ್ಮನಿರುತ್ತಾರೆ ಎಂದು ಸುದಿಬ್ಯೊ ಎಣಿಸಿದ್ದ. ದ್ವೀಪದ ಅರ್ಧಕ್ಕರ್ಧ ಜನ ಆಚೆ ದಿಣ್ಣೆಯಲ್ಲಿರುವ ಮಕ್ಕಳ ಹೆಸರನ್ನೇ ಹೊತ್ತು ತಿರುಗುತ್ತಿದ್ದಾರೆ ಎಂಬುದು ಎಂಟು ವರ್ಷ ಅವರ ಹೆಗಲ ಮೇಲೆ ಕೂತರೂ ಅವನಿಗೆ ತಿಳಿದಿರಲಿಲ್ಲ. ಹನ್ನೊಂದು ಜೋಡಿಯನ್ನೂ ಕೂಗಿದ. ಯಾರೂ ಓ ಎನ್ನಲಿಲ್ಲ. ಸಿಟ್ಟು ನೆತ್ತಿಗೇರಿತು. ದೊರೆಯ ಪುಸ್ತಕದ ಮೊದಲ ಹಾಳೆಯಿಂದ ಹಿಡಿದು ಕೊನೆಗೆ ತಾನೇ ಸೇರಿಸಿದ್ದ ಹೆಂಗಸರು ಮಕ್ಕಳವರೆಗೆ ಇಡೀ ದ್ವೀಪವನ್ನು ಒಬ್ಬೊಬ್ಬರನ್ನಾಗಿ ಕೂಗತೊಡಗಿದ. ಕೂಗುವುದು, ಕಾಯುವುದು, ಗೈರುಹಾಜರು ಎಂದು ಬರೆಯುವುದು. ದೊಡ್ಡವರು ಬಾಯಿ ಬಿಡದಿದ್ದಾಗ ಮಕ್ಕಳೂ ಬಿಡಲಿಲ್ಲ. ಊಟದ ಹೊತ್ತು ದಾಟಿತು. ಅತಿಥಿಯ ಹೊಟ್ಟೆ ಗುರುಗುಟ್ಟಿದ್ದು ಮುಂದಿನ ಸಾಲಿನವರಿಗೆ ಕೇಳಿಸಿತು.

"ಎಷ್ಟು ಜನ ಹಾಜರಿದ್ದಾರೆ?" ಎಂದು ಕೊನೆಗೆ ಅತಿಥಿ ಕೇಳಿದ.

"ಯಾರೂ ಇಲ್ಲ ಬಾಪಾಕ್."

"ಮತ್ತೆ ಇವರೆಲ್ಲ ಯಾರು?"

ಸುದಿಬ್ಯೊ ಪುಸ್ತಕ ನೋಡಿದ, ಜನರನ್ನು ನೋಡಿದ. "ಇವರು ಗೈರುಹಾಜರಾದವರು ಬಾಪಾಕ್."

ನೆಕ್ ಸಾರೆ ಕಿಸಕ್ಕೆಂದಳು. ಆಮೇಲೆ ಹೆಂಗಸರ ಸಾಲಿನಲ್ಲಿ ನಗೆ ತಡೆಯಲಿಲ್ಲ. ಅತಿಥಿ ಎದ್ದು ನಿಂತ. ಗೈರುಹಾಜರಾದವರಿಗೆ ಅಕ್ಕಿ ಬಂದ್ ಎಂದ, ಮುಂದಿನ ಹಡಗಿನಲ್ಲಿ ಪೊಲೀಸರು ಬರುತ್ತಾರೆ ಎಂದ, ಹಡಗಿಗೆ ಹೊತ್ತಾಯಿತು ಎಂದ. ಅವನು ಹೇಳಿದಂತೆಯೇ ಮಾಡುವವನು ಎಂದು ಎಲ್ಲರಿಗೂ ಗೊತ್ತಿತ್ತು. ನಗೆ ನಿಂತಿತು. ಆದರೆ ಯಾರೂ ಅಲ್ಲಿಂದ ಕದಲಿ ಮುಂದೆ ಬರಲಿಲ್ಲ.

ಅವರು ದಂಡೆಗೆ ಬರುವ ಹೊತ್ತಿಗೆ ಕಡಲಿಗೆ ಭರತ ಬಂದಿತ್ತು. ಮುನ್ನೂರ ಹನ್ನೆರಡು ಹೆಸರು ಕೂಗುವವರೆಗೆ ಕಡಲು ಯಾರಿಗೂ ಕಾದಿರಲಿಲ್ಲ. ಬೆಳಿಗ್ಗೆ ಮೊಣಕಾಲಿಗಿದ್ದ ನೀರು ಈಗ ಸೊಂಟಕ್ಕೆ ಬಂದು ಇನ್ನೂ ಏರುತ್ತಿತ್ತು. ಮುಳುಗಿದ ಕಲ್ಲು ಕಾಣದೆ ಲಾಂಚಿನವನು ಇನ್ನಷ್ಟು ದೂರ ಸರಿದು ನಿಂತಿದ್ದ. ದ್ವೀಪದ ದೋಣಿಗಳು ಮರಳಿನ ಮೇಲೆ ಕವುಚಿ ಬಿದ್ದಿದ್ದವು. ಒಂದನ್ನು ತಿರುಗಿಸಿ ನೀರಿಗೆ ತಳ್ಳಲು ಆರು ಜನ ಬೇಕು. ಸರಕಾರದ ಪುಸ್ತಕದ ಪ್ರಕಾರ ದ್ವೀಪದಲ್ಲಿ ಆರು ಜನ ಇರಲಿಲ್ಲ.

ಜನ ಹಿಂದೆಯೇ ಬಂದು ದಂಡೆಯ ಮೇಲೆ ಕೂತರು. ಪಾಕ್ ಮುರ್ನಿ ಒಂದು ದೋಣಿಗೆ ಒರಗಿ ಕೂತ. ಮಾಕ್ ಮುರ್ನಿ ಪಕ್ಕಕ್ಕೆ ಬಂದು ಕೂತಳು. ಅವನ ಹೆಗಲ ಮೇಲಿದ್ದ ಮಡಚಿದ ಲುಂಗಿಯನ್ನು ತೆಗೆದು, ಕೊಡವಿ, ತನ್ನ ಮಡಿಲಲ್ಲಿಟ್ಟುಕೊಂಡಳು.

"ಲೆಗಿ, ಬಾ ಇಲ್ಲಿ," ಎಂದ ಸುದಿಬ್ಯೊ.

ಅತಿಥಿ ಗಡಿಯಾರ ನೋಡಿಕೊಂಡ. ಆಮೇಲೆ ಬಿಳಿ ಬೂಟು ಬಿಚ್ಚಿ ಎರಡೂ ಕೈಯಲ್ಲಿ ಒಂದೊಂದು ಹಿಡಿದುಕೊಂಡು ನೀರಿಗಿಳಿದ. ಕಾಲು ಉದ್ದವಿತ್ತು, ಪುಣ್ಯಕ್ಕೆ ಹಳ್ಳದ ಬದಿಗೆ ಹೋಗಲಿಲ್ಲ. ಎರಡು ಸಲ ಮುಗ್ಗರಿಸಿದ. ಒಂದು ಬೂಟು ತೇಲಿಹೋಯಿತು. ಲಾಂಚಿನವನು ಅವನ ಕಂಕುಳಿಗೆ ಕೈ ಕೊಟ್ಟು ಎಳೆದು ಹಾಕಿಕೊಂಡ. ಅತ್ತರಿನ ಮನುಷ್ಯ ಲಾಂಚಿನೊಳಗೆ ಬಕ್ಕಬೋರಲು ಬಿದ್ದ.

ಸುದಿಬ್ಯೊ ಬೂಟು ಬಿಚ್ಚಲಿಲ್ಲ. ಪುಸ್ತಕ, ಪಟ್ಟಿ ಎಲ್ಲ ಇದ್ದ ಚೀಲವನ್ನು ತಲೆಯ ಮೇಲೆ ಹೊತ್ತುಕೊಂಡು, ಪಟ್ಟಿಗೆ ಅತಿಥಿಯ ಸಹಿಯನ್ನಾದರೂ ಹಾಕಿಸಿಕೊಳ್ಳಲೆಂದು ಹಿಂದೆಯೇ ಇಳಿದ. ಎಂಟು ವರ್ಷ ಈ ನೀರು ದಾಟಿದ್ದ. ಒಂದು ದಿನವೂ ಕೆಳಗೆ ನೋಡಿರಲಿಲ್ಲ. ಸೀದಾ ನಡೆದ. ಸೀದಾ ನಡೆದವನು ಸೀದಾ ಹಳ್ಳಕ್ಕಿಳಿದ.

ಗಲ್ಲದವರೆಗೆ ನೀರು ಬಂತು. ಬೂಟು ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡಿತು. ಕೈ ಬಡಿದಾಗ ಚೀಲ ಜಾರಿ ನೀರಿಗೆ ಬಿತ್ತು. ದೊರೆಯ ಪುಸ್ತಕ ಬಿಚ್ಚಿಕೊಂಡು, ಮುನ್ನೂರ ಹನ್ನೆರಡು ಗೈರುಹಾಜರಾದವರನ್ನು ಹೊತ್ತುಕೊಂಡು, ಆಚೆ ದಿಣ್ಣೆಯ ಕಡೆ ತೇಲಿತು. ಲಾಂಚಿನವನು ಎಂಜಿನು ಶುರು ಮಾಡಿದ. ಅತಿಥಿ ಹಿಂದಿರುಗಿ ನೋಡಲಿಲ್ಲ.

"ಲೆಗಿ," ಎಂದು ಕೂಗಿದ ಸುದಿಬ್ಯೊ. ಉಪ್ಪುನೀರು ಬಾಯೊಳಗೆ ಹೋಗಿ ಕೆಮ್ಮಿದ. "ಲೆಗೀ. ಲೆಗೀ, ಬಾರೋ."

ದಂಡೆಯ ಮೇಲೆ ಕೂತವರಿಗೆ ಚೆನ್ನಾಗಿ ಕೇಳುತ್ತಿತ್ತು. ಬೂಟಿನ ದಾರ ಬಿಚ್ಚಿದರೆ ಕಾಲು ಬರುತ್ತದೆ, ನಾಲ್ಕು ಹೆಜ್ಜೆ ಎಡಕ್ಕೆ ಸರಿದರೆ ನೀರು ಎದೆಗಿಳಿಯುತ್ತದೆ ಎಂದು ಪಾಕ್ ಮುರ್ನಿಗೆ ಗೊತ್ತಿತ್ತು. ಸಾಯುವಂಥದ್ದು ಏನೂ ಇರಲಿಲ್ಲ. ಬಗ್ಗಬೇಕಿತ್ತು ಅಷ್ಟೆ.

"ವಾಗಿಮನ್," ಎಂದ ಸುದಿಬ್ಯೊ. ಪಾಕ್ ದಾಲಿ ಬೀಡಿ ಹಚ್ಚಿದ.

ಒಂದು ಅಲೆ ಸುದಿಬ್ಯೊನ ತಲೆಯ ಮೇಲಿಂದ ಹೋಯಿತು. ಮೇಲೆ ಬಂದಾಗ ಟೋಪಿ ಇರಲಿಲ್ಲ. ಕಣ್ಣು ಹೊರಗೆ ಬಂದಿತ್ತು. ಈ ಸಲ ಅವನ ದನಿಯೇ ಬೇರೆಯಾಗಿತ್ತು.

"ಪಾಕ್ ಮುರ್ನಿ," ಎಂದು ಕೂಗಿದ. "ಪಾಕ್ ಮುರ್ನಿ, ದಮ್ಮಯ್ಯ."

ಮಾಕ್ ಮುರ್ನಿ ಗಂಡನ ಮುಖ ನೋಡಿದಳು. ಬಂಗಲೆಯವರ ಬಾಯಲ್ಲಿ ಅವಳು ತನ್ನ ಮಗುವಿನ ಹೆಸರು ಕೇಳಿದ್ದು ಅದೇ ಮೊದಲು.

"ಹಾಜರ್ ಬಾಪಾಕ್," ಎಂದ ಪಾಕ್ ಮುರ್ನಿ, ಕೂತಲ್ಲಿಂದಲೇ. "ಇಲ್ಲೇ ಇದ್ದೀನಿ. ಬರ್ಕೊಳ್ಳಿ."